ಭಾರತೀಕೃಷ್ಣತೀರ್ಥರು: ಶೃಂಗೇರಿಯ ವ್ಯಾಸಂಗ ಮತ್ತು ಹದಿನೆಂಟು ಅಂಕಿಗಳ ಒಂದು ಸಂಖ್ಯೆ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಮಲೆನಾಡು ಸೀಮೆಯಲ್ಲಿ ಶೃಂಗೇರಿಯು ವೇದಾಂತದ ಅಧ್ಯಯನಕ್ಕೆ ಹೆಸರಾದ ಕ್ಷೇತ್ರ. ಇಪ್ಪತ್ತನೆಯ ಶತಮಾನದ ಗಣಿತಚರ್ಚೆಯಲ್ಲಿ ಅದರ ಹೆಸರು ಸೇರಿದ್ದು ಭಾರತೀಕೃಷ್ಣತೀರ್ಥರಿಂದ. ಅವರ ಶೃಂಗೇರಿಯ ವಾಸವನ್ನು ‘ವೈದಿಕ ಗಣಿತ’ದ ಪ್ರಾಚೀನತೆಗೆ ಸಾಕ್ಷಿಯಾಗಿ ಮುಂದಿಡುವ ರೂಢಿಯಿದೆ. ಆ ಬದುಕಿನ ವಿವರಗಳಾದರೋ ಬೇರೊಂದು ನಿರ್ಣಯದತ್ತ ಒಯ್ಯುತ್ತವೆ.

1884ರಲ್ಲಿ ತಿರುನೆಲ್ವೇಲಿಯಲ್ಲಿ ಜನಿಸಿದ ಅವರ ಪೂರ್ವಾಶ್ರಮದ ಹೆಸರು ವೆಂಕಟರಾಮನ್. ತಂದೆ ನರಸಿಂಹಶಾಸ್ತ್ರಿಗಳು ಸರ್ಕಾರಿ ಅಧಿಕಾರಿಗಳು. ಸಂಸ್ಕೃತ ಪ್ರೌಢಿಮೆಗಾಗಿ 1899ರಲ್ಲಿ ಮದರಾಸಿನಲ್ಲಿ ‘ಸರಸ್ವತಿ’ ಬಿರುದು ದೊರೆಯಿತು. ಗೋಪಾಲಕೃಷ್ಣ ಗೋಖಲೆಯವರ ಸಂಪರ್ಕದಲ್ಲಿ ರಾಷ್ಟ್ರೀಯ ಶಿಕ್ಷಣಕ್ಕಾಗಿ ದುಡಿದ ಅವರು 1908ರಲ್ಲಿ ರಾಜಮಹೇಂದ್ರಿಯ ರಾಷ್ಟ್ರೀಯ ಕಾಲೇಜಿನ ಪ್ರಾಂಶುಪಾಲರಾದರು. 1911ರಲ್ಲಿ ಆ ಹುದ್ದೆಯನ್ನು ತೊರೆದು ಶೃಂಗೇರಿಯ ಸಚ್ಚಿದಾನಂದ ಶಿವಾಭಿನವ ನೃಸಿಂಹಭಾರತೀ ಸ್ವಾಮಿಗಳನ್ನು ಆಶ್ರಯಿಸಿದರು. 1912ರಲ್ಲಿ ಗುರುಗಳು ಬ್ರಹ್ಮೈಕ್ಯರಾದ ಮೇಲೂ ವ್ಯಾಸಂಗ ಮುಂದುವರಿಯಿತು. ಸಮೀಪದ ಕಾಡಿನ ಏಕಾಂತದಲ್ಲಿ ಗಣಿತಸೂತ್ರಗಳು ಹೊಳೆದವೆಂಬುದು ಅವರ ಚರಿತ್ರಕಾರರ ನಿರೂಪಣೆ. 1919ರಲ್ಲಿ ಕಾಶಿಯಲ್ಲಿ ಸಂನ್ಯಾಸ ಸ್ವೀಕರಿಸಿ, 1921ರಲ್ಲಿ ದ್ವಾರಕೆಯ, 1925ರಲ್ಲಿ ಪುರಿಯ ಪೀಠವನ್ನು ಅಲಂಕರಿಸಿದರು.

ಅವರ ಗಣಿತದ ಸ್ವರೂಪವನ್ನರಿಯಲು 19ರಲ್ಲಿ ಒಂದು ಭಾಗದ ಆವರ್ತ ದಶಮಾಂಶ ಸಾಕು. ಅದರ ಆವರ್ತ 052631578947368421. ಅವರ ‘ಏಕಾಧಿಕ’ ಸೂತ್ರದಂತೆ 19ರ ಹತ್ತರ ಸ್ಥಾನದ 1ಕ್ಕೆ ಒಂದನ್ನು ಕೂಡಿಸಿದರೆ 2. ಕೊನೆಯ ಅಂಕಿ 1ರಿಂದ ಆರಂಭಿಸಿ ಎಡಕ್ಕೆ ಸಾಗುತ್ತ, ಪ್ರತಿ ಅಂಕಿಯನ್ನೂ 2ರಿಂದ ಗುಣಿಸಿ, ಕೈಯಲ್ಲುಳಿದುದನ್ನು ಮುಂದಿನ ಗುಣಲಬ್ಧಕ್ಕೆ ಸೇರಿಸಿದರೆ ಭಾಗಾಕಾರವಿಲ್ಲದೆಯೇ ಹದಿನೆಂಟು ಅಂಕಿಗಳೂ ದೊರೆಯುತ್ತವೆ. ಈ ಸಂಖ್ಯೆಯನ್ನು 1ರಿಂದ 18ರವರೆಗೆ ಯಾವುದರಿಂದ ಗುಣಿಸಿದರೂ ಅವೇ ಅಂಕಿಗಳು ಅದೇ ಚಕ್ರಕ್ರಮದಲ್ಲಿ ಬರುತ್ತವೆ. 19ರಿಂದ ಗುಣಿಸಿದರೆ ಹದಿನೆಂಟು ಒಂಬತ್ತುಗಳು. ಎರಡು ಅರ್ಧಗಳಾದ 052631578 ಮತ್ತು 947368421ರ ಮೊತ್ತ 999999999. ಹತ್ತರ ಘಾತಗಳನ್ನು 19ರಿಂದ ಭಾಗಿಸುವಾಗ 1ರಿಂದ 18ರವರೆಗಿನ ಎಲ್ಲ ಶೇಷಗಳೂ ಬಂದ ಬಳಿಕವೇ ಆವರ್ತ ಮುಗಿಯುವುದು ಆ ಚಕ್ರಗುಣಕ್ಕೆ ಕಾರಣ. ಇಂಥ ಆವರ್ತಗಳನ್ನು ಗೌಸ್ 1801ರಲ್ಲಿಯೇ ಶಾಸ್ತ್ರೀಯವಾಗಿ ವಿವೇಚಿಸಿದ್ದನು.

ತಮ್ಮ ಸೂತ್ರಗಳು ಅಥರ್ವವೇದದ ಪರಿಶಿಷ್ಟದಲ್ಲಿವೆಯೆಂದು ಸ್ವಾಮಿಗಳು ಹೇಳುತ್ತಿದ್ದರು. 1950ರಲ್ಲಿ ಲಖನೌದಲ್ಲಿ ಗಣಿತೇತಿಹಾಸಜ್ಞ ಕೃಪಾಶಂಕರ ಶುಕ್ಲರು ಪರಿಶಿಷ್ಟದ ಮುದ್ರಿತ ಪ್ರತಿಯನ್ನು ಮುಂದಿಟ್ಟಾಗ, ಅವು ತಮ್ಮದೇ ಪರಿಶಿಷ್ಟದಲ್ಲಿವೆ ಎಂದರು. 1960ರಲ್ಲಿ ಅವರು ದೇಹತ್ಯಾಗ ಮಾಡಿದರು. ಗ್ರಂಥ ಪ್ರಕಟವಾದದ್ದು 1965ರಲ್ಲಿ. ತಿಳಿದಿರುವ ಪರಿಶಿಷ್ಟಗಳಲ್ಲಿ ಈ ಸೂತ್ರಗಳಿಲ್ಲವೆಂಬುದನ್ನು ಅದರ ಸಂಪಾದಕ ವಾಸುದೇವಶರಣ ಅಗ್ರವಾಲರೇ ಒಪ್ಪಿದ್ದಾರೆ. ಸೂತ್ರಗಳ ಭಾಷೆ ವೈದಿಕವಲ್ಲ. ದಶಮಾಂಶ ಭಿನ್ನದ ಬಳಕೆ ವೈದಿಕ ವಾಙ್ಮಯದಲ್ಲಿ ಕಾಣದು.

ಹೀಗಾಗಿ ಈ ಹದಿನಾರು ಸೂತ್ರಗಳನ್ನು ವೇದಕ್ಕೆ ಆರೋಪಿಸುವುದರಿಂದ ವೇದದ ಗೌರವ ಹೆಚ್ಚುವುದಿಲ್ಲ. ಅವುಗಳ ನಿಜವಾದ ಕರ್ತೃವಿನ ಶ್ರಮ ಮಾತ್ರ ಮರೆಯಾಗುತ್ತದೆ. ಆಧುನಿಕ ಗಣಿತವನ್ನು ಬಲ್ಲ ಸಂಸ್ಕೃತ ವಿದ್ವಾಂಸರೊಬ್ಬರು ಅದನ್ನು ಸೂತ್ರಶೈಲಿಯಲ್ಲಿ ಅಳವಡಿಸಿದ ಇಪ್ಪತ್ತನೆಯ ಶತಮಾನದ ಕೃತಿಯೆಂದು ಓದಿದಾಗಲೇ ಅದಕ್ಕೂ, ಅವರ ಶೃಂಗೇರಿಯ ವರ್ಷಗಳಿಗೂ ನ್ಯಾಯ ಸಲ್ಲುತ್ತದೆ.