ಯಂತ್ರಕ್ಕೆ ಬರವಣಿಗೆ ಕಲಿಸಿದ ವಿದುಷಿ ಗ್ರೇಸ್ ಹಾಪರ್

ಕಿರ್ದಿಯಿಂದ ಖಾತೆಗೆ ಅಂಕಿಗಳನ್ನು ಎತ್ತಿ ಬರೆಯುವಾಗ ತಪ್ಪು ನುಸುಳುವುದು ಎಷ್ಟು ಸುಲಭವೆಂಬುದನ್ನು ನಮ್ಮ ಗುಮಾಸ್ತ ಬಂಧುಗಳಿಗೆ ಹೇಳಿಕೊಡಬೇಕಾಗಿಲ್ಲ. ಅಂಥ ತಪ್ಪಿನ ಬೆನ್ನು ಹತ್ತಿಯೇ ಗಣಕಯಂತ್ರದ ಚರಿತ್ರೆಯಲ್ಲಿ ಹೊಸ ಹಾದಿ ತೆರೆದವರು ಅಮೇರಿಕೆಯ ಗ್ರೇಸ್ ಹಾಪರ್.

1906ನೆಯ ಇಸವಿ ಡಿಸೆಂಬರ್ 9ರಂದು ನ್ಯೂಯಾರ್ಕಿನಲ್ಲಿ ಜನಿಸಿದ ಇವರು, ಬಾಲ್ಯದಲ್ಲಿಯೇ ಮನೆಯ ಅಲಾರಂ ಗಡಿಯಾರಗಳನ್ನು ಒಂದೊಂದಾಗಿ ಬಿಚ್ಚಿ ನೋಡಿದ ಕುತೂಹಲಿ. ವಾಸರ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಾಗಲೇ, 1934ರಲ್ಲಿ ಯೇಲ್ ವಿಶ್ವವಿದ್ಯಾಲಯದಿಂದ ಗಣಿತದಲ್ಲಿ ಡಾಕ್ಟರೇಟ್ ಪಡೆದರು. ಮಹಾಯುದ್ಧದ ಕಾಲದಲ್ಲಿ, ದೇಹದ ತೂಕ ಸಾಲದಿದ್ದರೂ ಹಟ ಹಿಡಿದು ನೌಕಾದಳದ ಮೀಸಲು ಪಡೆಯನ್ನು ಸೇರಿದರು. 1944ರಲ್ಲಿ ಹಾರ್ವರ್ಡಿನ 51 ಅಡಿ ಉದ್ದದ ಮಾರ್ಕ್-1 ಯಂತ್ರದ ಕೆಲಸಕ್ಕೆ ನೇಮಕವಾಯಿತು.

ಅಲ್ಲಿ ಯಂತ್ರಕ್ಕೆ ಕೊಡುವ ಆಜ್ಞೆಗಳನ್ನು ಕಾಗದದ ಪಟ್ಟಿಯಲ್ಲಿ ತೂತುಗಳಾಗಿ ಕೊರೆಯುತ್ತಿದ್ದರು. ತಪ್ಪು ಕಂಡರೆ ತೂತಿನ ಮೇಲೆ ತುಂಡು ಅಂಟಿಸಿ ಮುಚ್ಚಬೇಕು, ಅಕ್ಷರಶಃ ತೇಪೆ! ಪ್ರೋಗ್ರಾಮಿನ ತಿದ್ದುಪಡಿಗೆ ಇಂದಿಗೂ 'ಪ್ಯಾಚ್' ಎಂದೇ ಹೆಸರು. 1947ರಲ್ಲಿ ಮಾರ್ಕ್-2 ಯಂತ್ರದೊಳಗೆ ಪತಂಗವೊಂದು ಸಿಕ್ಕಿಬಿದ್ದ ಕಥೆಯನ್ನು ಜನ ಹೆಚ್ಚಾಗಿ ಹೇಳುತ್ತಾರೆ. ಅದು ರಂಜನೆಯ ಮಾತು. ಹಾಪರರ ಹಿರಿಮೆ ಬೇರೆಡೆ ಇದೆ.

1949ರಲ್ಲಿ ಅವರು ಫಿಲಡೆಲ್ಫಿಯದಲ್ಲಿ ಯೂನಿವ್ಯಾಕ್ ಯಂತ್ರ ನಿರ್ಮಿಸುತ್ತಿದ್ದ ಸಂಸ್ಥೆಯನ್ನು ಸೇರಿದರು. ಪ್ರೋಗ್ರಾಂ ಬರೆಯುವವರು ಸರಿಯಾಗಿ ನಡೆದ ಆಜ್ಞಾಭಾಗಗಳನ್ನು ಪುಸ್ತಕದಲ್ಲಿ ಬರೆದಿಟ್ಟುಕೊಂಡು, ಬೇಕಾದಾಗ ಎತ್ತಿ ಬರೆಯುತ್ತಿದ್ದರು. ತೆರಪನ್ನು ಸೂಚಿಸುವ ತ್ರಿಕೋನದ ಗುರುತು ಅವಸರದಲ್ಲಿ 4 ಆಗುತ್ತಿತ್ತು. ಇಂಗ್ಲಿಷಿನ 'ಬಿ' ಅಕ್ಷರ 13 ಆಗುತ್ತಿತ್ತು. ಸ್ಥಾನಸಂಖ್ಯೆಗಳನ್ನು ಕೂಡುವಲ್ಲಿಯೂ ಗಣಿತಜ್ಞರೇ ಎಡವುತ್ತಿದ್ದರು. ಎತ್ತಿ ಬರೆಯುವುದು, ಕೂಡುವುದು: ಇವೆರಡೂ ಯಂತ್ರದ ಕೆಲಸವೇ ಅಲ್ಲವೆ?

ಅದೇ ಸಂಸ್ಥೆಯ ಬೆಟ್ಟಿ ಹೋಲ್ಬರ್ಟನ್ ಇದಕ್ಕೆ ಮೊದಲೇ ದಾರಿ ತೋರಿದ್ದರು. ಕಡತಗಳ ವಿವರ ಕೊಟ್ಟರೆ ಅವನ್ನು ವಿಂಗಡಿಸುವ ಪ್ರೋಗ್ರಾಮನ್ನು ತಾನೇ ಬರೆದುಕೊಡುವ 'ಜನರೇಟರ್' ಅವರದು. ಹಾಪರರು ಮುಂದುವರಿದು, ಪರೀಕ್ಷಿತ ಆಜ್ಞಾಭಾಗಗಳನ್ನು ಕಾಂತಪಟ್ಟಿಯಲ್ಲಿಟ್ಟು, ಸಂಕೇತ ಕೊಟ್ಟೊಡನೆ ಯಂತ್ರವೇ ಅವನ್ನು ತಂದು, ಕೂಡಿಸಿ, ಪೂರ್ಣ ಪ್ರೋಗ್ರಾಂ ಬರೆಯುವಂತೆ ಮಾಡಿದರು. 1952ರ ಹೊತ್ತಿಗೆ ಸಿದ್ಧವಾದ ಈ 'ಎ-ಜೀರೋ'ವೇ ಕಂಪೈಲರಿನ ಆದಿರೂಪ. ಇನ್ನೂ ಬಾರದ ಭಾಗಕ್ಕೆ ಜಿಗಿಯಬೇಕಾದಾಗ ಏನು ಮಾಡುವುದು? ಕಾಲೇಜಿನಲ್ಲಿ ಆಡಿದ ಬಾಸ್ಕೆಟ್‌ಬಾಲ್ ನೆನಪಾಯಿತು. ಚೆಂಡನ್ನು ಜೊತೆಗಾತಿಯ ಕೈಗಿಟ್ಟು ಮುಂದೋಡಿ ಮತ್ತೆ ಪಡೆಯುವಂತೆ, ಜಿಗಿತವನ್ನು ಸ್ಮರಣಕೋಶದ ಒಂದು ಮೂಲೆಗೆ ಕಳುಹಿಸಿ, ಭಾಗವು ಬಂದ ಮೇಲೆ ಅಲ್ಲಿಂದ ಅದಕ್ಕೆ ದಾರಿ ಮಾಡಿದರು.

ಯಂತ್ರವು ಲೆಕ್ಕ ಮಾಡೀತೇ ಹೊರತು ಪ್ರೋಗ್ರಾಂ ಬರೆಯಲಾರದೆಂದು ಬಲ್ಲವರೇ ನಂಬಲಿಲ್ಲ. ಅವರ ಅಳುಕಿನಲ್ಲಿ ಒಂದು ನ್ಯಾಯವೂ ಇತ್ತೆಂದು ನನಗೆ ತೋರುತ್ತದೆ. ಕೈಬರಹದ ತಪ್ಪು ಒಂದು ಪ್ರೋಗ್ರಾಮನ್ನು ಕೆಡಿಸಿದರೆ, ಬರೆಯುವ ಯಂತ್ರದ ತಪ್ಪು ಅದು ಬರೆದುದೆಲ್ಲವನ್ನೂ ಕೆಡಿಸಬಲ್ಲದು. ಕಂಪೈಲರಿಗೆ ತೇಪೆ ಹಾಕುವ ಮೊದಲು ಇನ್ನೊಬ್ಬರ ಕಣ್ಣಿಗೆ ಒಪ್ಪಿಸುವ ಪದ್ಧತಿ ಇರುವುದು ಇದರಿಂದಲೇ.

ಮುಂದೆ ಅವರ 'ಫ್ಲೋ-ಮ್ಯಾಟಿಕ್' ಭಾಷೆಯು, 1959ರಲ್ಲಿ ಯೋಜನೆಗೊಂಡ 'ಕೋಬಾಲ್'ಗೆ ಆಧಾರವಾಯಿತು. 1966ರಲ್ಲಿ ನಿವೃತ್ತಿ ಕೊಟ್ಟ ನೌಕಾದಳವು ಮರುವರ್ಷವೇ ಮರಳಿ ಕರೆಯಿತು. 1986ರಲ್ಲಿ, 79ನೆಯ ವಯಸ್ಸಿನಲ್ಲಿ, ರಿಯರ್ ಅಡ್ಮಿರಲ್ ಆಗಿ ಸೇವೆಯಿಂದ ಇಳಿದರು. 1992ರ ಜನವರಿ 1ರಂದು ತೀರಿಕೊಂಡ ಅವರನ್ನು ಆರ್ಲಿಂಗ್ಟನ್ ರಾಷ್ಟ್ರೀಯ ರುದ್ರಭೂಮಿಯಲ್ಲಿ ಸಮಾಧಿ ಮಾಡಲಾಯಿತು.