ಸತ್ತವರಿಂದ ಕಲಿತು ಬದುಕಿದ್ದವರ ಎದೆ ಆಲಿಸಿದ ಲೆನೆಕ್

ಡಾಕ್ಟರ ಕೊರಳಲ್ಲಿ ನೇತಾಡೋ ಸ್ಟೆತಸ್ಕೋಪ್ ಹುಟ್ಟಿದ್ದು ಒಂದು ಕಾಗದದ ಸುರುಳಿಯಿಂದ. ಅದನ್ನು ಕಂಡುಹಿಡಿದ ರೆನೆ ಲೆನೆಕ್ 1781ರಲ್ಲಿ ಫ್ರಾನ್ಸಿನ ಕ್ಯಾಂಪೇರ್‌ನಲ್ಲಿ ಜನಿಸಿದರು. ಚಿಕ್ಕಂದಿನಲ್ಲೇ ತಾಯಿ ತೀರಿಕೊಂಡರು. ವೈದ್ಯರಾಗಿದ್ದ ತಂದೆಯ ಸೋದರ ಸಾಕಿ, ವೈದ್ಯಕೀಯದ ದಾರಿ ತೋರಿಸಿದರು.

1816ರಲ್ಲಿ ಲೆನೆಕ್ ಪ್ಯಾರಿಸ್‌ನ ನೆಕೆರ್ ಆಸ್ಪತ್ರೆ ಸೇರಿದರು. ಅದು ಬಡವರಿಗಾಗಿ ಕಟ್ಟಿದ ಆಸ್ಪತ್ರೆ. ಅದೇ ವರ್ಷ, ಹೃದ್ರೋಗದ ಲಕ್ಷಣಗಳಿದ್ದ ಯುವತಿಯೊಬ್ಬಳ ಎದೆಗೆ ನೇರವಾಗಿ ಕಿವಿಯಿಡಲು ಸಂಕೋಚಪಟ್ಟು, ಕಾಗದ ಸುತ್ತಿ ಆಲಿಸಿದರು. ಬಡಿತ ಇನ್ನೂ ಸ್ಪಷ್ಟವಾಗಿ ಕೇಳಿಸಿತು! ಆಮೇಲೆ ಮರದ ಕೊಳವೆ ಮಾಡಿಕೊಂಡರು.

ಅಸಲಿ ಕೆಲಸ ಶುರುವಾಗಿದ್ದು ಆಮೇಲೆ. ರೋಗಿ ಬದುಕಿದ್ದಾಗ ಕೇಳಿದ ಸದ್ದನ್ನು, ಸತ್ತ ಮೇಲೆ ಶವಪರೀಕ್ಷೆಯಲ್ಲಿ ಕಂಡ ಶ್ವಾಸಕೋಶದ ಜೊತೆ ತಾಳೆ ನೋಡಿದರು. ನ್ಯುಮೋನಿಯಾ ಬಂದ ಶ್ವಾಸಕೋಶ ಗಾಳಿ ಕಳೆದುಕೊಂಡು ಯಕೃತ್ತಿನಂತೆ ಗಟ್ಟಿಯಾಗುತ್ತೆ ಅಂತ ವಿವರಿಸಿದರು. 1819ರಲ್ಲಿ ಇದೆಲ್ಲ ಪುಸ್ತಕವಾಯಿತು.

ಲೆನೆಕ್ ಕ್ರಾಂತಿಕಾರಿಯೇನಲ್ಲ, ರಾಜಪ್ರಭುತ್ವದ ಪರ ಇದ್ದವರು. ಆದರೆ ಅವರ ವಿಜ್ಞಾನ ನಿಂತಿರೋದು ಇತಿಹಾಸ ಹೆಸರು ಬರೆದಿಡದ ಬಡವರ ದೇಹಗಳ ಮೇಲೆ. ಅವರು ಅಧ್ಯಯನ ಮಾಡಿದ ಕ್ಷಯ ಅವರನ್ನೂ ಬಿಡಲಿಲ್ಲ. 1826ರಲ್ಲಿ, 45ನೇ ವಯಸ್ಸಿನಲ್ಲಿ ತೀರಿಕೊಂಡರು.

ಅವರು ಶವದಲ್ಲಿ ಕಂಡ ಆ ಗಟ್ಟಿ ಶ್ವಾಸಕೋಶವನ್ನು ಇವತ್ತು ಅಲ್ಟ್ರಾಸೌಂಡ್ ಬದುಕಿದ್ದವರಲ್ಲೇ, ಹಾಸಿಗೆ ಪಕ್ಕದಲ್ಲೇ ತೋರಿಸುತ್ತೆ. ಪರದೆಯ ಮೇಲೂ ಅದು ಯಕೃತ್ತಿನ ಹಾಗೇ ಕಾಣುತ್ತೆ. ಎಕ್ಸ್‌ರೇ ಕೋಣೆಗೆ ರೋಗಿಯನ್ನು ಸಾಗಿಸಬೇಕಿಲ್ಲ, ವಿಕಿರಣವೂ ಇಲ್ಲ. ಆದರೆ ಯಂತ್ರ ಬೇಕು, ನೋಡಲು ತರಬೇತಾದ ಕಣ್ಣು ಬೇಕು. ಬಡವರ ಎದೆಯಿಂದ ಕಲಿತ ವಿದ್ಯೆ ಬಡವರ ಆಸ್ಪತ್ರೆಗೆ ಮೊದಲು ವಾಪಸ್ ಬರಬೇಕು ಅಂತ ಕೇಳೋದು ದಾನ ಬೇಡಿದಂತಲ್ಲ, ಬಾಕಿ ಕೇಳಿದಂತೆ.