ಮೀಸೆಯುಳ್ಳ ತಾಯಿ

ಮಕ್ಕಳನ್ನು ಶಿಶುವಿಹಾರಕ್ಕೆ ಕಳುಹುವ ನಾವು ಗಿಜುಭಾಯಿ ಬಧೇಕಾರನ್ನು ಸ್ಮರಿಸುವುದು ವಿರಳ. 1885ರಲ್ಲಿ ಸೌರಾಷ್ಟ್ರದಲ್ಲಿ ಜನಿಸಿದ ಇವರು ವೃತ್ತಿಯಿಂದ ವಕೀಲರು. ಪುತ್ರೋದಯವಾದ ಬಳಿಕ, ಮಗುವಿಗೆ ತಕ್ಕ ಶಿಕ್ಷಣ ಯಾವುದೆಂಬ ಚಿಂತೆ ಅವರನ್ನು ಮಾಂಟೆಸೊರಿಯ ಗ್ರಂಥಗಳತ್ತ ಒಯ್ದಿತು. 1916ರಲ್ಲಿ ಅವರು ಭಾವನಗರದ ದಕ್ಷಿಣಾಮೂರ್ತಿ ಸಂಸ್ಥೆಯನ್ನು ಸೇರಿದರು, ವಕೀಲಿ ಹಿಂದುಳಿಯಿತು.

1920ರಲ್ಲಿ ಅಲ್ಲಿ ಬಾಲಮಂದಿರ ತೆರೆಯಿತು. ಎಳೆಯರಿಗೆ ಬೆತ್ತವಿಲ್ಲ, ಬಹುಮಾನದ ಆಮಿಷವೂ ಇಲ್ಲ. ಕಥೆ, ಹಾಡು, ನಾಟಕ, ಆಟಗಳೇ ಪಾಠ. ಅಕ್ಷರಕ್ಕಿಂತ ಮೊದಲು ಕಥೆಯನ್ನಿಟ್ಟುದೇ ಅವರ ಹಿರಿಮೆಯೆಂದು ನಮ್ಮ ಎಣಿಕೆ. ವಕೀಲರಾಗಿದ್ದವರು ಕೂಸುಗಳೆದುರು ಕುಣಿಯುವುದೆಂದರೆ ಸಾಮಾನ್ಯವೇ! ಜನ ಅವರನ್ನು ‘ಮೂಛಾಳಿ ಮಾ’ ಎಂದು, ಮೀಸೆಯ ತಾಯಿಯೆಂದು, ಕರೆದರು.

1939ರಲ್ಲಿ ಗಿಜುಭಾಯಿ ತೀರಿಕೊಂಡರು. ಅವರ ಸಹೋದ್ಯೋಗಿ ತಾರಾಬಾಯಿ ಮೋಡಕರು 1945ರಲ್ಲಿ ಮುಂಬಯಿಯ ಉತ್ತರಕ್ಕಿರುವ ಬೋರ್ಡಿಗೆ ತೆರಳಿ, ಬಡಮಕ್ಕಳ ಅಂಗಳದಲ್ಲಿಯೇ ಶಾಲೆ ಹೂಡಿದರು.